ಬಿಸಿಲು ಕಾಣದ ಕೆಂಪು

ದಂಟಿನ ಸೊಪ್ಪಿನ ಕಟ್ಟು ಬಿಚ್ಚಿ ಮೊರದಲ್ಲಿ ಹರವಿಕೊಂಡು ಸುನಿತಾ ಇನ್ನೂ ಅರ್ಧ ಬಿಡಿಸಿರಲಿಲ್ಲ, ಕ್ವಾರ್ಟರ್ಸಿನ ಬಾಗಿಲನ್ನು ಯಾರೋ ಅಂಗೈಯಲ್ಲಿ ತಟ್ಟಿದರು.

ಬೆರಳಿನ ಗೆಣ್ಣಿನಿಂದ ತಟ್ಟಿದರೆ ಠಾಣೆಯವರು. ಅಂಗೈಯಲ್ಲಿ ತಟ್ಟಿದರೆ ಹಳ್ಳಿಯಿಂದ ಬಂದ ಹೆಂಗಸರು. ಹಲಗೂರಿಗೆ ಸಬ್ ಇನ್ಸ್‌ಪೆಕ್ಟರ್ ಆಗಿ ಬಂದ ಮೇಲೆ ಸುನಿತಾ ಇಷ್ಟನ್ನು ಬಾಗಿಲು ತೆರೆಯುವ ಮೊದಲೇ ತಿಳಿಯುತ್ತಿದ್ದಳು.

"ಮೇಡಮ್ಮೋರೆ, ಒಸಿ ಬಾಗ್ಲು ತಗೀರವ್ವ. ನಾನು ಪುಟ್ಟಮಾದಮ್ಮ, ಸಾಲಿನಿ ಅತ್ತೆ."

ಬಾಗಿಲಲ್ಲಿ ಮುದುಕಿ ನಿಂತಿದ್ದಳು. ಅವಳ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಮೊಮ್ಮಗಳು ಮೈತ್ರಿ. ಸ್ಕೂಲಿನ ಯೂನಿಫಾರ್ಮು ಹಾಕಿತ್ತು ಮಗು. ಒಂದು ಜಡೆ ಹೆಣೆದಿತ್ತು, ಇನ್ನೊಂದು ಹಾಗೇ ಬಿಚ್ಚಿಕೊಂಡು ಹೆಗಲ ಮೇಲೆ ಬಿದ್ದಿತ್ತು.

ಅವರ ಊರಿನ ಹೊಂಬಾಳಮ್ಮನ ಹುಳುಮನೆಯಲ್ಲಿ ಇನ್ನೇನು ಗೂಡು ಕಟ್ಟಬೇಕಿದ್ದ ರೇಷ್ಮೆ ಹುಳುಗಳೆಲ್ಲ ಹಸಿರು ನೀರು ಕಕ್ಕಿಕೊಂಡು ಸತ್ತಿದ್ದವು. ಅಲ್ಲಿ ಸಿಕ್ಕಿದ ಕೆಂಪು ದ್ರವದ ಗಾಜಿನ ಕೊಳವೆಯ ಮೇಲೆ ಪುಟ್ಟಮಾದಮ್ಮನ ಸೊಸೆ ಶಾಲಿನಿಯ ಹೆಸರಿತ್ತು. ಆ ದಿನದಿಂದ ಶಾಲಿನಿಯ ಮಗಳು ಮಾತು ಬಿಟ್ಟಿದ್ದಳು.

"ಮೊದ್ಲು ಬಸ್ಸಿಗೇ ಬಂದ್ಬುಟ್ಟೆ ಕಣವ್ವ," ಅಂದಳು ಪುಟ್ಟಮಾದಮ್ಮ. "ಜಡೆ ಆಕುಸ್ಕೊಳ್ಳಾಕೂ ಬುಡ್ಲಿಲ್ಲ ಈ ಮೂದೇವಿ. ನಾನು ಬಸ್ಸು ಅತ್ತುದ್ ಕೂಡ್ಲೆ ಇವ್ಳೂ ಅತ್ತುದ್ಲು."

"ಬನ್ನಿ ಅವ್ವ, ಕೂತ್ಕೊಳ್ಳಿ. ತಿಂಡಿ ಆಗಿದ್ಯಾ ಮಗೂಗೆ?"

"ನನ್ ಕೈಲಿ ತಿನ್ನಾಕಿಲ್ಲ. ಸೆರಗ ಮಾತ್ರ ಬುಡಾಕಿಲ್ಲ. ಬಚ್ಚಲಿಗೆ ಓದ್ರೂ ಇಂಗೇ ಇಡ್ಕೊಂಡು ನಿಂತಿರ್ತಾಳೆ. ನನಗೆ ಬಾಲ ಬಂತು ಕಣೇ ಅಂದ್ರೂ ನಗಾಕಿಲ್ಲ."

ಸುನಿತಾ ಒಳಗಿನಿಂದ ಬಾಚಣಿಗೆ ತಂದು ಮಗುವಿನ ಹಿಂದೆ ಕೂತಳು. ಸಿಕ್ಕು ಬಿಡಿಸುವಾಗ ಮಗು ತಲೆಯನ್ನು ಹಿಂದಕ್ಕೆ ಕೊಟ್ಟಿತು, ಮುಷ್ಟಿಯನ್ನು ಮಾತ್ರ ಸಡಿಲಿಸಲಿಲ್ಲ. ಜಡೆ ಕಟ್ಟಿ ಮುಗಿದ ಮೇಲೆ ಬಟ್ಟಲಲ್ಲಿ ಉಪ್ಪಿಟ್ಟು ತಂದು ಒಂದು ತುತ್ತು ಮುಂದೆ ಹಿಡಿದಳು. ಮೈತ್ರಿ ಬಾಯಿ ತೆರೆದಳು. ಇನ್ನೊಂದಕ್ಕೂ ತೆರೆದಳು.

ಪುಟ್ಟಮಾದಮ್ಮನ ಮುಖ ಸಣ್ಣಗಾಯಿತು. "ನೋಡವ್ವ, ನಿನ್ ಕೈಲಿ ತಿಂತದೆ. ನಾನೇನ್ ಮಾಡ್ದೆ ಇದ್ಕೆ?"

ಸುನಿತಾ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು. ಅಜ್ಜಿಯ ಸೆರಗು ಬೇಕು, ಅಜ್ಜಿಯ ಕೈ ಬೇಡ.

"ಸಾಲಿನಿನ ಜೈಲಿಗ್ ಆಕ್ತಾರೇನವ್ವ?"

ಆ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಹೊಂಬಾಳಮ್ಮನ ಗಂಡ ಶಿವಣ್ಣ ಕೊಟ್ಟ ದೂರು ಸುನಿತಾಳ ಮೇಜಿನ ಮೇಲಿತ್ತು. ಕೇಸು ದಾಖಲಿಸುವುದೋ ಬಿಡುವುದೋ ಇವತ್ತು ಸಂಜೆಯೊಳಗೆ ಹೇಳಬೇಕು ಅಂತ ಮಳವಳ್ಳಿಯಿಂದ ಮೇಲಿನವರು ಫೋನು ಮಾಡಿದ್ದರು. ದಾಖಲಾದರೆ ಶಾಲಿನಿ ಮಂಡ್ಯದ ಕಾಲೇಜಿನ ಲ್ಯಾಬಿಗೆ ಮತ್ತೆ ಕಾಲಿಡುವಂತಿರಲಿಲ್ಲ. ಅವಳ ಗೈಡು ಆಗಲೇ, ಇದು ಬಗೆಹರಿಯುವ ತನಕ ಬರಬೇಡಮ್ಮ ಅಂದಿದ್ದರು. ಆ ಮನೆತನದಲ್ಲಿ ಡಾಕ್ಟರೇಟಿನ ತನಕ ಹೋದವಳು ಅವಳೊಬ್ಬಳೇ.

"ನಾನೂ ನಿಮ್ಮೂರಿಗೇ ಹೊರಟಿದ್ದೀನಿ. ಜೀಪಲ್ಲಿ ಬನ್ನಿ," ಅಂದಳು ಸುನಿತಾ. ಸೊಪ್ಪಿನ ಮೊರದ ಮೇಲೆ ಒದ್ದೆ ಬಟ್ಟೆ ಹೊದಿಸಿ ಎದ್ದಳು.

ಜೀಪಿನ ಹಿಂದಿನ ಸೀಟಿನಲ್ಲಿ ಅಜ್ಜಿ, ಮೊಮ್ಮಗಳು. ಪುಟ್ಟಮಾದಮ್ಮನಿಗೆ ಸುಮ್ಮನೆ ಕೂರುವ ಅಭ್ಯಾಸವಿರಲಿಲ್ಲ.

"ನಾ ಮದ್ವೆ ಆಗ್ ಬಂದಾಗ್ಲಿಂದ ಒಂಬಾಳಮ್ಮೋರ ಉಳುಮನೇಲೇ ಕೆಲ್ಸ ಮಾಡ್ದೋಳು ಕಣವ್ವ. ಸೊಪ್ಪು ಆಕಿ, ಕಸ ತಗ್ದು, ಮಕ್ಳಂಗೆ ಸಾಕ್ದೋಳು. ಅವು ಸೊಪ್ಪು ತಿನ್ನೋವಾಗ ಕೇಳ್ಬೇಕು ನೀನು, ಸಣ್ ಮಳೆ ಬಂದಂಗೆ ಸದ್ದು. ಈವಾಗ ಒಳಿಕ್ ಓದ್ರೆ ಕಿವಿ ಗುಂಯ್ ಅಂತದೆ." ಕಣ್ಣೊರೆಸಿಕೊಂಡಳು. "ಅವುಕ್ಕೆ ಇಸ ಆಕ್ದೋರ್ ಕೈ ಸೇದೋಗ..."

ಮಾತು ಅಲ್ಲಿಗೇ ನಿಂತಿತು. ಸುನಿತಾ ಕನ್ನಡಿಯಲ್ಲಿ ನೋಡಿದಳು. ಮೈತ್ರಿ ತನ್ನ ಪುಟ್ಟ ಅಂಗೈಯಿಂದ ಅಜ್ಜಿಯ ಬಾಯನ್ನು ಗಟ್ಟಿಯಾಗಿ ಮುಚ್ಚಿದ್ದಳು.

"ಅಯ್, ಉಸ್ರು ಕಟ್ತದೆ ಬುಡೇ!"

ಮಗು ಕೈ ತೆಗೆಯಲಿಲ್ಲ. ಅಜ್ಜಿ ಬೈಯುವುದನ್ನು ಪೂರಾ ಬಿಟ್ಟ ಮೇಲೆಯೇ ತೆಗೆದದ್ದು.

ಕಾಲುವೆಯ ಏರಿ ಹತ್ತುವಾಗ ಸುನಿತಾ ಶಾಲಿನಿ ಠಾಣೆಯಲ್ಲಿ ಕೂತು ಹೇಳಿದ್ದನ್ನು ಇನ್ನೊಮ್ಮೆ ಮನಸ್ಸಿನಲ್ಲಿ ತಿರುವಿ ಹಾಕಿದಳು.

"ಹುಳ ಸತ್ತಿರೋ ರೀತಿ ನೋಡಿದ್ರೆ ರಂಜಕದ ವಿಷ ಅಂದ್ರು ರೇಷ್ಮೆ ಇಲಾಖೆಯವರು. ನಾನು ಲ್ಯಾಬಲ್ಲಿ ರಂಜಕದ ಮೇಲೆ ಕೆಲಸ ಮಾಡ್ತೀನಿ ಅನ್ನೋದು ಊರಿಗೆಲ್ಲ ಗೊತ್ತು. ಇನ್ನೇನು ಬೇಕು ಮೇಡಂ?" ಅಂದಿದ್ದಳು ಶಾಲಿನಿ. "ನಮ್ಮ ಮೂಳೇಲಿರೋದೂ ರಂಜಕವೇ. ಅದು ಯಾರ ಪಕ್ಕ ಹೇಗೆ ಕೂರುತ್ತೆ ಅನ್ನೋದರ ಮೇಲೆ ಅದರ ಗುಣ. ಒಂದು ಥರ ಕೂತರೆ ಕೀಟನಾಶಕ. ಇನ್ನೊಂದು ಥರ ಕೂತರೆ ಮೂಳೆ ಸವೆತಕ್ಕೆ ಕೊಡೋ ಮಾತ್ರೆ. ನಾನು ಆ ಎರಡನೇದರ ದಾರೀಲಿರೋಳು."

"ಕೂರಿಸೋದು ಅಂದ್ರೆ?"

"ರಂಜಕವನ್ನ ಇಂಗಾಲಕ್ಕೆ ಜೋಡಿಸೋದು. ಸಾಮಾನ್ಯವಾಗಿ ಅದಕ್ಕೆ ಜೋರಾಗಿ ಕಾಯಿಸಬೇಕು. ನಾವು ಕಾಯಿಸಲ್ಲ, ಬೆಳಕಲ್ಲಿ ಇಡ್ತೀವಿ. ಒಂದು ಚಿಟಿಕೆ ಕೆಂಪು ಬಣ್ಣ ಬೆರೆಸಿ ಹಸಿರು ಎಲ್‌ಇಡಿ ದೀಪದ ಮುಂದೆ. ಬಣ್ಣ ಬೆಳಕನ್ನ ಕುಡಿಯುತ್ತೆ, ಕುಡಿದಿದ್ದನ್ನ ಪಕ್ಕದವರಿಗೆ ದಾಟಿಸುತ್ತೆ. ಅಷ್ಟು ಸಾಕು, ಜೋಡಣೆ ತಾನಾಗಿ ಆಗುತ್ತೆ."

"ಬೆಳಕು ತೋರಿಸದೇ ಇದ್ರೆ?"

"ಏನೂ ಆಗಲ್ಲ. ಏನೂ ಆಗಲ್ಲ ಅಂತ ತೋರಿಸೋಕೇ ಒಂದು ಕೊಳವೇನ ಕರಿ ಕಾಗದ ಸುತ್ತಿ ಕತ್ತಲಲ್ಲಿಟ್ಟಿರ್ತೀವಿ. ಎರಡನ್ನೂ ಪರೀಕ್ಷೆಗೆ ಮೈಸೂರಿಗೆ ಕೊಂಡೊಯ್ಯೋಕೆ ಬ್ಯಾಗಲ್ಲಿಟ್ಟು ಮನೆಗೆ ತಂದಿದ್ದೆ. ಕಳೆದುಹೋಗಿದ್ದು ಆ ಕತ್ತಲ ಕೊಳವೆ."

"ಬಿಸಿಲಲ್ಲಿ ಬಿಟ್ರೆ?"

ಆಗ ಶಾಲಿನಿ ಮೊದಲ ಸಲ ನಕ್ಕಿದ್ದಳು. "ಆ ಬಣ್ಣ ಬಿಸಿಲಿಗೆ ತಾಳಲ್ಲ ಮೇಡಂ. ಅಗ್ಗದ ಸೀರೆ ಒಗೆದು ಒಣಹಾಕಿದ ಹಾಗೆ, ನೋಡನೋಡ್ತಾ ಬಿಳಚಿಕೊಳ್ಳುತ್ತೆ."

ಆ ನಗುವಿನ ಜೊತೆಗೇ ಸುನಿತಾಳಿಗೆ ಒಂದು ದಾರಿ ಕಂಡಿತ್ತು. ಶಾಲಿನಿಯ ಜೊತೆ ಲ್ಯಾಬಿನಲ್ಲಿ ಕೆಲಸ ಮಾಡುವ ರವಿಚಂದ್ರನಿಗೆ ಫೋನು ಮಾಡಿ, ಅದೇ ಪಾತ್ರೆಯಿಂದ ತುಂಬಿ ಕತ್ತಲಲ್ಲೇ ಇಟ್ಟಿದ್ದ ಇನ್ನೊಂದು ಕೊಳವೆಯನ್ನು ಮಂಡ್ಯದಿಂದ ತರಿಸಿದ್ದಳು. ನೆನ್ನೆ ಬೆಳಗ್ಗೆ ಅದರ ಕರಿ ಕಾಗದ ಬಿಚ್ಚಿ ತಾನೇ ಹುಳುಮನೆಯ ಕಿಟಕಿಯ ಹೊರಗಟ್ಟೆ ಮೇಲೆ ನಿಲ್ಲಿಸಿ, ಒಬ್ಬ ಕಾನ್‌ಸ್ಟೇಬಲನನ್ನು ಕಾವಲಿಗೆ ಬಿಟ್ಟು ಬಂದಿದ್ದಳು.

ಹುಳುಮನೆಯ ಮುಂದೆ ಹೊಂಬಾಳಮ್ಮ ಕಲ್ಲಿನ ಮೇಲೆ ಕೂತಿದ್ದಳು. ಕೈಯಲ್ಲಿ ಕೆಲಸವಿಲ್ಲದೆ ಆ ಹೆಂಗಸನ್ನು ಯಾರೂ ನೋಡಿರಲಿಲ್ಲ. ಮಗ ಸಂತೋಷ್ ಬೈಕಿಗೆ ಒರಗಿ ನಿಂತಿದ್ದ. ಬೇಲಿಯ ಆಚೆ ಬದಿಗೆ ಶಾಲಿನಿ ನಿಂತಿದ್ದಳು. ಬರಲು ಹೇಳಿದ್ದವಳು ಸುನಿತಾಳೇ. ಆದರೂ ಅಂಗಳಕ್ಕೆ ಕಾಲಿಟ್ಟಿರಲಿಲ್ಲ.

"ಬಂದ್ಯಾ ಮಾದಿ?" ಹೊಂಬಾಳಮ್ಮ ಪುಟ್ಟಮಾದಮ್ಮನನ್ನು ನೋಡಿ ಅಂದಳು. "ಸೊಸೆ ಪರ ಏಳಾಕೆ ಜೀಪಲ್ಲಿ ಬಂದ್ಬುಟ್ಟೆ. ನನ್ ಮನೆಗೆ ಮಾತ್ರ ನಡ್ಕೊಂಡ್ ಬತ್ತಿದ್ದೆ."

"ನೀವು ಜೀಪು ಕಳ್ಸಿದ್ರೆ ಅದ್ರಲ್ಲೂ ಬತ್ತಿದ್ದೆ, ಅಮ್ಮೋರೆ," ಅಂದಳು ಪುಟ್ಟಮಾದಮ್ಮ. ಇಬ್ಬರೂ ಒಂದು ಗಳಿಗೆ ನಗುವವರ ಹಾಗೆ ಕಂಡರು, ನಗಲಿಲ್ಲ.

ಸುನಿತಾ ಸಂತೋಷನನ್ನು ಕಿಟಕಿಯ ಹತ್ತಿರ ಕರೆದಳು.

"ಕೊಳವೆ ಎಲ್ಲಿತ್ತು, ಇನ್ನೊಂದ್ಸಲ ಹೇಳಪ್ಪ."

"ಎಷ್ಟ್ ಸಲ ಹೇಳ್ಬೇಕು ಮೇಡಂ? ಈ ಕಿಟ್ಕಿ ಮೇಲೆ. ಹುಳ ಕಾಯ್ಲೆ ಬೀಳೋಕ್ ಮುಂಚಿಂದ್ಲೂ ಇತ್ತು. ಏನೋ ಇರ್ಬೇಕು ಅಂತ ನಾ ಮುಟ್ಲಿಲ್ಲ. ಎಲ್ಲಾ ಸತ್ ಮೇಲೆ ತಗ್ದು ನೋಡುದ್ರೆ ಸಾಲಿನಿ ಎಸ್ರು."

"ದಿನಾ ಇಲ್ಲೇ ಇತ್ತಾ? ಯಾರೂ ಎತ್ತಿಡಲಿಲ್ವಾ?"

"ಇಲ್ಲೇ ಇತ್ತು."

"ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಇಲ್ಲಿ ಒಳ್ಳೇ ಬಿಸಿಲು, ಅಲ್ವಾ?"

"ಸೂರ್ಯ ಹುಟ್ಟೋ ಕಡೆ ಬಿಸ್ಲು ಬೀಳ್ದೆ ಇನ್ನೇನ್ ಬೀಳ್ತದೆ?"

"ಲೇ," ಅಂದಳು ಹೊಂಬಾಳಮ್ಮ ಕೂತಲ್ಲಿಂದಲೇ, "ಪೋಲೀಸ್ನೋರ ತಾವ ವಂಕ ಮಾತಾಡ್ಬ್ಯಾಡ ಕಣ್ಲಾ."

ಸುನಿತಾ ಕಟ್ಟೆಯ ಮೇಲಿದ್ದ ಕೊಳವೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ನೆನ್ನೆ ದಾಸವಾಳದಷ್ಟು ಕೆಂಪಗಿದ್ದದ್ದು ಇವತ್ತು ಅಕ್ಕಿ ತೊಳೆದ ನೀರಿನ ಹಾಗಾಗಿತ್ತು. ಇನ್ನೊಂದು ಕೈಯಲ್ಲಿ ಫೋನು ತೆರೆದು, ಸಂತೋಷ್ ಠಾಣೆಗೆ ತಂದುಕೊಟ್ಟ ದಿನ ತೆಗೆದಿದ್ದ ಫೋಟೋ ತೋರಿಸಿದಳು. ಆ ಕೊಳವೆ ಕೆಂಪೋ ಕೆಂಪು.

"ಎರಡೂ ಒಂದೇ ಪಾತ್ರೆಯಿಂದ ತುಂಬಿದ್ದು. ಇದು ಒಂದೇ ಒಂದು ದಿನದ ಬಿಸಿಲು ಕಂಡಿದೆ, ಬಣ್ಣ ನೋಡು. ನೀನು ಕೊಟ್ಟಿದ್ದು ದಿನಗಟ್ಟಲೆ ಇಲ್ಲೇ ಇತ್ತು ಅಂತೀಯ. ಅದು ಹೇಗೆ ಕೆಂಪಗೇ ಉಳೀತು?"

ಸಂತೋಷ್ ಫೋಟೋ ನೋಡಿದ, ಕೊಳವೆ ನೋಡಿದ.

"ಆ ಕೊಳವೆ ಬಿಸಿಲನ್ನೇ ಕಂಡಿಲ್ಲ ಸಂತೋಷ್. ಹುಳ ಸತ್ತ ದಿನದ ತನಕ ಕರಿ ಕಾಗದದೊಳಗೇ ಇತ್ತು. ಅದನ್ನ ಇಲ್ಲಿಗೆ ತಂದಿದ್ದು ಯಾರು? ನೀನೇನಾ?"

"ನಾನಲ್ಲ!"

"ಮತ್ತೆ ಸುಳ್ಳು ಯಾಕೆ?"

"ಇನ್ನೇನ್ ಮಾಡ್ಲಿ ಮೇಡಂ?" ಅವನ ದನಿ ಒಡೆಯಿತು. "ಬಾಳೆಗೆ ಹೊಡ್ಯೋಕೆ ಅಂತ ನಾನು ಒಂದ್ ಡಬ್ಬ ಔಷ್ದಿ ತಂದಿದ್ದೆ. ಹುಳ ಸಾಯ್ತಿದ್ದಂಗೇ ನಮ್ಮಪ್ಪ, ನೀನ್ ಹೊಡ್ದಿದ್ದೇ ಗಾಳೀಲಿ ಬಂದು ಸೊಪ್ಪಿಗೆ ಬಿತ್ತು ಅಂತ ಊರ್ ಮುಂದೆ ಉಗುದ್ರು. ಡಬ್ಬದ್ ಸೀಲೇ ಒಡ್ದಿಲ್ಲ ನಾನು! ಬೇಕಾರೆ ತಂದ್ ತೋರುಸ್ತೀನಿ. ಯಾರೂ ನಂಬ್ಲಿಲ್ಲ. ಆವಾಗ ಕೈಲಿ ಆ ಕೊಳವೆ ಇತ್ತು, ಮೇಲೆ ಎಸ್ರಿತ್ತು..."

"ಕೈಗೆ ಹೇಗೆ ಬಂತು?"

ಅವನ ಕಣ್ಣು ಸುನಿತಾಳ ಪಕ್ಕದಿಂದ ಹಿಂದಕ್ಕೆ ಹೋಯಿತು. ಅಲ್ಲಿ ಪುಟ್ಟಮಾದಮ್ಮನ ಸೆರಗು ಹಿಡಿದು ಮೈತ್ರಿ ನಿಂತಿದ್ದಳು.

"ಈ ಮಗಾ ತಂದ್ಲು," ಅಂದ ಸಂತೋಷ್, ನೆಲ ನೋಡುತ್ತಾ. "ಹುಳ ಎಲ್ಲ ತಲೆ ಆಡುಸ್ಕೊಂಡು ಒದ್ದಾಡ್ತಿದ್ವು. ಇವ್ಳು ಸ್ಕೂಲ್ ಬ್ಯಾಗಿಂದ ತಗ್ದು ಕಾಗ್ದ ಬಿಚ್ಚುದ್ಲು. 'ಸಂತೋಷಣ್ಣ, ಇದು ನಮ್ಮಮ್ಮ ಮಾಡಿರೋ ಔಷ್ದಿ. ಒಂದೊಂದ್ ತೊಟ್ಟು ಹಾಕು, ಎದ್ದೇಳ್ತವೆ' ಅಂದ್ಲು. ಮುಚ್ಚಳಾನೂ ತಗ್ದಿರ್ಲಿಲ್ಲ. ನಾನೇ ಕಿತ್ಕೊಂಡು, ಓಗೇ ಆಚೆಗೆ ಅಂತ ಗದರ್ಬುಟ್ಟೆ."

ಬೇಲಿ ದಾಟಿ ಶಾಲಿನಿ ಯಾವಾಗ ಬಂದಳೋ, ಮಗಳ ಮುಂದೆ ಮಣ್ಣಿನಲ್ಲೇ ಮೊಣಕಾಲೂರಿ ಕೂತಿದ್ದಳು. ಮಗುವಿನ ಕೈ, ತುಟಿ, ಉಗುರು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು.

"ನೀನು ಕುಡೀಲಿಲ್ಲ ತಾನೇ? ಬಾಯಿಗೆ ಇಟ್ಕೊಳ್ಲಿಲ್ಲ ತಾನೇ? ಅಯ್ಯೋ, ಬ್ಯಾಗನ್ನ ಕೆಳಗೇ ಇಟ್ಟುಬಿಟ್ಟಿದ್ದೆ ನಾನು." ಮಗು ಇಲ್ಲ ಅಂತ ತಲೆಯಾಡಿಸಿತು. "ಬ್ಯಾಗಲ್ಲಿ ಎರಡಿತ್ತಲ್ಲ ಕಂದಾ, ಕಾಗದ ಸರಿಸಿ ನೋಡಿ ಕೆಂಪಗಿದೆ ಅಂತ ಅದನ್ನ ತಗೊಂಡ್ಯಾ? ಟಾನಿಕ್ ಥರ?"

ಹೌದು ಅಂತ ಮತ್ತೆ ತಲೆಯಾಡಿಸಿತು.

ಶಾಲಿನಿ ನಗಲು ಹೋದಳು, ಅಳು ಬಂತು. "ಅದು ಔಷಧಿಯೇ ಅಲ್ಲ ಬಂಗಾರಿ. ಬೆಳಕು ಕಾಣದೇ ಇರೋದು ಅದು. ಅದರಲ್ಲಿ ಇನ್ನೂ ಏನೂ ಆಗೇ ಇಲ್ಲ." ಮಗಳ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದಳು. "ಕೇಳು. ಹುಳ ಸತ್ತಿದ್ದು ನಿನ್ನಿಂದಲ್ಲ. ನೀನು ಬರೋ ಮುಂಚೇನೇ ಅವಕ್ಕೆ ಆಗಬಾರದ್ದು ಆಗಿತ್ತು. ನನ್ನಿಂದಲೂ ಅಲ್ಲ. ಗೊತ್ತಾಯ್ತಾ?"

ಹೊಂಬಾಳಮ್ಮ ಕಲ್ಲಿನಿಂದ ಎದ್ದು ಬಂದು ಮಗನ ಬೆನ್ನಿಗೆ ಒಂದು ಗುದ್ದಿದಳು. "ಥೂ, ಕೂಸು ಕಣ್ಲಾ ಅದು. ನನ್ ಉಳ ಉಳ್ಸಾಕ್ ಬಂದಿದ್ ಕೂಸು. ಅದ್ರವ್ವನ್ ಮೇಲೆ ಆಕಿದ್ಯಲ್ಲೋ." ಆಮೇಲೆ ಶಾಲಿನಿಯ ಕಡೆ ತಿರುಗಿದಳು. "ಒಳಿಕ್ ಬಾ, ನೀರಾರ ಕುಡಿ," ಅಂದಳು.

ಇಷ್ಟಾದ ಮೇಲೆ ಮಗುವಿನ ಮುಷ್ಟಿ ಸಡಿಲವಾಗಬೇಕಿತ್ತು. ಸುನಿತಾ ಅದನ್ನೇ ನೋಡುತ್ತಿದ್ದಳು. ಮೈತ್ರಿಯ ಬೆರಳುಗಳು ಅಜ್ಜಿಯ ಸೆರಗಿನಲ್ಲಿ ಇನ್ನೂ ಬಿಗಿದುಕೊಂಡವು. ತಾಯಿಯ ತೋಳಿನೊಳಗಿದ್ದೂ ಅವಳ ಕಣ್ಣು ಅಜ್ಜಿಯ ಮುಖದ ಮೇಲಿತ್ತು.

ಹಾಗಾದರೆ ಈ ಮಗು ನುಂಗಿಕೊಂಡಿರುವುದು ಕೊಳವೆಯ ಮಾತಲ್ಲ. ಇದಕ್ಕಿಂತ ದೊಡ್ಡದು ಇನ್ನೇನೋ ಇದೆ.

"ಅಂಗಾರೆ ನನ್ ಉಳ ಕೊಂದೋರ್ಯಾರವ್ವ?" ಅಂದಳು ಹೊಂಬಾಳಮ್ಮ.

ಸುನಿತಾ ನೊಣದ ಪರದೆ ಸರಿಸಿ ಹುಳುಮನೆಯ ಒಳಗೆ ಹೋದಳು. ಮೂವರು ಹೆಂಗಸರೂ ಮಗುವೂ ಹಿಂದೆ ಬಂದರು. ಸತ್ತ ಹುಳುಗಳನ್ನು ಗುಂಡಿ ತೋಡಿ ಮುಚ್ಚಿದ್ದರೂ ತಟ್ಟೆಗಳನ್ನು ಇನ್ನೂ ತೊಳೆದಿರಲಿಲ್ಲ. ಒಣಗಿ ಸುರುಟಿದ ಹಿಪ್ಪುನೇರಳೆ ಎಲೆಗಳ ಮೇಲೆ, ಕಡ್ಡಿಗಳ ಸಂದಿಯಲ್ಲಿ, ತೆಳ್ಳಗೆ ಬಿಳಿ ಪುಡಿ.

"ಇದೇನಮ್ಮ?"

"ಪುಡಿ ಕಣವ್ವ. ಉಳ ಜ್ವರ ಎದ್ಮೇಲೆ ಉದುರ್ಸೋದು, ಕಾಯ್ಲೆ ಬರ್ದಂಗೆ. ಪ್ರತಿ ಬೆಳೇಲೂ ಆಕ್ತೀವಿ, ಒಸಾದೇನಲ್ಲ," ಅಂದಳು ಹೊಂಬಾಳಮ್ಮ.

ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು ನಿದ್ದೆ ಹೋಗುವುದಕ್ಕೆ ಈ ಕಡೆ ಜ್ವರ ಅನ್ನುತ್ತಾರೆ. ಜ್ವರ ಎದ್ದ ಹುಳಕ್ಕೆ ಪುಡಿ ಹಾಕುವುದು ಸುನಿತಾಳಿಗೂ ಗೊತ್ತಿತ್ತು. ಅದಕ್ಕೆ ಸುಣ್ಣದ ವಾಸನೆ ಇರುತ್ತದೆ. ಬಗ್ಗಿದಳು. ಇದಕ್ಕೆ ಸುಣ್ಣದ ವಾಸನೆ ಇರಲಿಲ್ಲ. ಕೊಳೆತ ಬೆಳ್ಳುಳ್ಳಿಯ ಹಾಗೆ ಏನೋ ಮೂಗಿಗೆ ಹೊಡೆಯಿತು.

"ಮುಟ್ಟಬೇಡಿ ಮೇಡಂ!" ಶಾಲಿನಿ ಹಿಂದಿನಿಂದ ಕೂಗಿದಳು. ಅವಳಿಗೂ ವಾಸನೆ ಬಂದಿತ್ತು. "ಇದು ನೀವು ಯಾವಾಗಲೂ ಹಾಕೋ ಪುಡಿ ಅಲ್ಲ, ರಂಜಕದ ಕೀಟನಾಶಕದ ವಾಸನೆ ಇದು. ಎಲ್ಲರೂ ಹೊರಗೆ ನಡೀರಿ. ಅತ್ತೆ, ಮಗೂನ ಕರ್ಕೊಳ್ಳಿ."

ಅಂಗಳಕ್ಕೆ ಬಂದು ಎಲ್ಲರೂ ಕೈ ತೊಳೆದರು. ಅಜ್ಜಿಯ ಸೆರಗಿಗೆ ಅಂಟಿಕೊಂಡಿದ್ದ ಮಗುವಿನ ಕೈಯನ್ನೂ ಬಿಡಿಸಿ ಸುನಿತಾ ತಾನೇ ಸೋಪು ಹಚ್ಚಿ ತೊಳೆದಳು. ಪುಟ್ಟಮಾದಮ್ಮ ಹಗುರಾಗಿದ್ದಳು. ಸೊಸೆಯ ಮೇಲಿನ ಮಾತು ಅಳಿಸಿಹೋಯಿತಲ್ಲ, ಅದೇ ಅವಳಿಗೆ ಸಾಕಾಗಿತ್ತು. ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾ, "ನಿಮ್ಗೆ ಪುಣ್ಯ ಬರ್ಲಿ ಕಣವ್ವ," ಅಂದಳು ಸುನಿತಾಳಿಗೆ.

ಸುನಿತಾ ಹೊಂಬಾಳಮ್ಮನ ಕಡೆ ತಿರುಗಿದಳು. "ಈ ಸಲದ ಪುಡಿ ಎಲ್ಲಿಂದ ಬಂತು? ಯಾರು ತಂದಿದ್ದು?"

ಹೊಂಬಾಳಮ್ಮ ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಳ್ಳಲು ಹೋದಳು.

ಅಷ್ಟರಲ್ಲಿ ಯಾರೋ ಸಣ್ಣದಾಗಿ ಕೆಮ್ಮಿದರು. ಬಹಳ ದಿನ ಮುಚ್ಚಿದ್ದ ಗಂಟಲು ತೆರೆಯುವಾಗಿನ ಕೆಮ್ಮು. ಮೈತ್ರಿ ಅಜ್ಜಿಗೂ ಮೇಡಮ್ಮಿಗೂ ನಡುವೆ, ಅಜ್ಜಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತಿದ್ದಳು. ಯಾರಾದರೂ ಬಂದು ಅಜ್ಜಿಯನ್ನು ಎಳೆದುಕೊಂಡು ಹೋಗುತ್ತಾರೇನೋ ಎಂಬ ಹಾಗೆ.

"ಅಮ್ಮಾ," ಅಂದಳು. ದನಿ ಒಡೆದಿತ್ತು. "ನನ್ನ ಕರ್ಕೊಂಡು ಪುಡಿ ತರೋಕ್ ಹೋದಾಗ ಅಜ್ಜಿ ಅಂಗಡೀಲಿ 'ಹುಳಕ್ಕೆ ಔಷ್ದಿ ಕೊಡಪ್ಪ' ಅಂದ್ಲು. ಸಾಕೋ ಹುಳಕ್ಕಾ, ಸಾಯ್ಸೋ ಹುಳಕ್ಕಾ ಅಂತ ಆ ಅಂಗಡಿಯಣ್ಣ ಯಾಕೆ ಕೇಳ್ಲಿಲ್ಲ?"